ಎರಡೊಡಲ ದೋಣಿ

ನೆಯಾಫು, ವವಾಉ ದ್ವೀಪಗಳು, ಟೊಂಗಾ
೧೪ ಮೇ ೨೦೧೮, ಸೋಮವಾರ

ನನ್ನ ಫುಸಿ ಅಕ್ಕನಿಗೆ, ತಂಗಿ ಕಲೊಲೈನೆಯ ಎರಡು ಕೈ ತುಂಬ ಪ್ರೀತಿ.

ಫೋನಿದ್ದೂ ಇವಳೇಕೆ ಕಾಗದ ಬರೆಯುತ್ತಿದ್ದಾಳೆ ಎಂದು ನೀನು ಹುಬ್ಬು ಗಂಟಿಕ್ಕುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ಕಾರಣ ಹೇಳಿಬಿಡುತ್ತೇನೆ. ಫೋನಿನಲ್ಲಿ ನಾನು ಮನಾಸೆ ಅಣ್ಣನ ಹೆಸರೆತ್ತಿದ ಕೂಡಲೇ ನಿನಗೆ ಕಿವಿ ಕೇಳಿಸುವುದು ನಿಂತುಹೋಗುತ್ತದೆ. ‘ಲೈನ್ ಸರಿ ಇಲ್ಲ ಕಣೆ, ಆಮೇಲೆ ಮಾಡ್ತೀನಿ’ ಅನ್ನುತ್ತೀಯ. ಆ ‘ಆಮೇಲೆ’ ಆರು ವರ್ಷದಿಂದ ಬಂದೇ ಇಲ್ಲ. ಕಾಗದವನ್ನಾದರೆ ನೀನು ನಡುವೆ ಬಿಡುವವಳಲ್ಲ. ಮೀನು ಸುತ್ತಿ ಬಂದ ಹಳೆಯ ಪತ್ರಿಕೆಯನ್ನೂ ಬಿಡಿಸಿ, ಬಿಸಿಲಿಗೆ ಒಣಗಿಸಿ, ಕೊನೆಯ ಸಾಲಿನವರೆಗೆ ಓದುತ್ತಿದ್ದವಳು ನೀನು. ನಮ್ಮ ಚರ್ಚಿನ ಹಾಡುಗಾರ್ತಿಯೊಬ್ಬಳು ಗುರುವಾರ ಆಕ್ಲೆಂಡಿಗೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಇದನ್ನೂ ಒಂದು ಚಾಪೆಯನ್ನೂ ಕಳಿಸುತ್ತಿದ್ದೇನೆ.

ವಿಷಯಕ್ಕೆ ಬರುತ್ತೇನೆ. ಸೆಪ್ಟೆಂಬರ್ ಮೂರನೇ ತಾರೀಖು ಸೋಮವಾರ ನಾವು ಹಾಯಿದೋಣಿಯಲ್ಲಿ ಹೊರಡುತ್ತಿದ್ದೇವೆ. ಪೂರಾ ಒಂದು ವಾರ. ನೀನು, ನಾನು, ಮನಾಸೆ ಅಣ್ಣ, ಅತ್ತಿಗೆ, ಅವರ ಮಗಳು ಲೆಸಿಯೆಲಿ. ಐದೇ ಜನ. ನನ್ನ ಗಂಡ ಸೆಮಿಸಿ ಬರುವುದಿಲ್ಲ. ದಡಕ್ಕೆ ಕಟ್ಟಿದ ದೋಣಿ ಹತ್ತಿದರೂ ಅವನಿಗೆ ವಾಂತಿ. ಅವನು ಹಂದಿಗಳನ್ನು ನೋಡಿಕೊಂಡು ಮನೆಯಲ್ಲಿರುತ್ತಾನೆ. ಬರುತ್ತೀಯಾ ಎಂದು ನಾನು ನಿನ್ನನ್ನು ಕೇಳುತ್ತಿಲ್ಲ, ನೋಡು. ಹೊರಡುತ್ತಿದ್ದೇವೆ ಎಂದು ತಿಳಿಸುತ್ತಿದ್ದೇನೆ.

ಪ್ರವಾಸಿಗರ ದೋಣಿಯಲ್ಲಿ ನಮಗೇನು ಕೆಲಸ ಅನ್ನುತ್ತೀಯ. ನಾನೂ ಹಾಗೇ ಅಂದುಕೊಂಡಿದ್ದವಳು. ಡರೆಲ್‌ನ ದೋಣಿಕಟ್ಟೆಯಲ್ಲಿ ಕೆಲಸಕ್ಕೆ ಸೇರಿ ನನಗೆ ಈ ವರ್ಷಕ್ಕೆ ಹದಿನೇಳು ವರ್ಷ. ಮೊದಲ ಹನ್ನೊಂದು ವರ್ಷ ದೋಣಿ ತೊಳೆದೆ, ಹಾಸಿಗೆ ಹಾಸಿದೆ, ಊರೂರಿನವರ ಕೂದಲನ್ನು ಬಚ್ಚಲ ತೂತಿನಿಂದ ತೆಗೆದೆ. ಆಮೇಲಿನ ಆರು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಕಲಿಯಲು ಬರುವವರೆಲ್ಲ ನಾವಿಕನಿಲ್ಲದೆ ಬರೀ ದೋಣಿಯನ್ನು ಬಾಡಿಗೆಗೆ ಹಿಡಿದು ತಾವೇ ನಡೆಸಿಕೊಂಡು ಹೋಗುವ ಜನ. ಮೆಲ್ಬರ್ನಿನ ಹಲ್ಲಿನ ಡಾಕ್ಟರು, ಡುನೆಡಿನ್ನಿನ ಹೆಡ್‌ಮಾಸ್ತರು, ಇಂಥವರು. ಹೊರಡುವ ಮುನ್ನ ಅವರನ್ನು ಸಾಲಾಗಿ ಕೂರಿಸಿ, ಎಲ್ಲಿ ಹವಳದ ದಿಬ್ಬವಿದೆ, ಎಲ್ಲಿ ಲಂಗರು ಹಿಡಿಯುತ್ತದೆ, ಶೌಚದ ಪಂಪನ್ನು ಎಷ್ಟು ಸಲ ಒತ್ತಬೇಕು ಎಂದು ಎರಡು ಗಂಟೆ ಕೊರೆಯುವವಳು ನಾನು. ಆದರೆ ನಾನೇ ಹಾಸಿದ ಆ ಹಾಸಿಗೆಗಳ ಮೇಲೆ ಒಂದು ದಿನವೂ ಮಲಗಿದವಳಲ್ಲ. ಹೋದ ತಿಂಗಳು ಡರೆಲ್ ಕರೆದು, ‘ಕಲೊ, ಸೆಪ್ಟೆಂಬರ್ ಮೊದಲ ವಾರ ತವಾಕೆ ದೋಣಿ ಖಾಲಿ ಇದೆ. ನಿನ್ನ ಮನೆಯವರನ್ನ ಕೂರಿಸ್ಕೊಂಡು ಹೋಗು. ಇಷ್ಟು ವರ್ಷದ್ದು ನನ್ನ ಉಡುಗೊರೆ ಅನ್ಕೋ’ ಅಂದ. ನಾನು ಕೈಯಲ್ಲಿದ್ದ ಬಕೆಟ್ ಕೆಳಗಿಟ್ಟು, ಇನ್ನೊಂದು ಸಲ ಹೇಳು ಎಂದು ಹೇಳಿಸಿಕೊಂಡೆ.

ತವಾಕೆ ಎರಡು ಒಡಲಿನ ದೋಣಿ. ಬಲಕ್ಕೊಂದು ಒಡಲು, ಎಡಕ್ಕೊಂದು ಒಡಲು. ಎರಡನ್ನೂ ಸೇರಿಸಿ ನಡುವೆ ಮೇಲೊಂದು ಪಡಸಾಲೆ. ಡರೆಲ್ ಆ ಹೆಸರು ಹೇಳಿದಾಗಲೇ ನನಗೆ ಈ ಯೋಚನೆ ಹೊಳೆದದ್ದು. ಏಕೆಂದರೆ ನಿನ್ನ ಮೊದಲ ಆಕ್ಷೇಪಣೆ ಏನೆಂದು ನನಗೆ ಗೊತ್ತು. ಅಕ್ಕತಂಗಿಯರೂ ಅಣ್ಣತಮ್ಮಂದಿರೂ ಒಂದೇ ಸೂರಿನಡಿ ಮಲಗುವುದುಂಟೇ? ಮನಾಸೆಗೆ ಹನ್ನೆರಡು ತುಂಬಿದ ವಾರವೇ ಅಮ್ಮ ಅವನ ಚಾಪೆ ಸುತ್ತಿ ಹಿತ್ತಲಿನ ಗುಡಿಸಲಿಗೆ ಕಳಿಸಿದಳು. ಮಳೆಯಲ್ಲಿ ಗುಡಿಸಲು ಸೋರಿದರೂ ಅವನು ಮನೆಯೊಳಗೆ ಬರಲಿಲ್ಲ. ನೀನಿದ್ದ ಕೋಣೆಗೆ ಕಾಲಿಡಲಿಲ್ಲ. ನಿನ್ನೆದುರು ಒಂದು ಪೋಲಿ ಮಾತು ಬೇಡ, ಒಂದು ತಮಾಷೆಯ ಮಾತೂ ಆಡಲಿಲ್ಲ. ಅಕ್ಕನಿಗೆ ತಮ್ಮ ಕೊಡುವ ಮರ್ಯಾದೆ ಅದು, ಅದರಲ್ಲಿ ಕೂದಲೆಳೆಯಷ್ಟೂ ಲೋಪವಾಗಬಾರದು ಎಂದು ನಾನೂ ಬೆಳೆದವಳೇ. ಆದ್ದರಿಂದ ಏರ್ಪಾಡು ಹೇಗಿದೆ ಎಂದು ಕೇಳು.

ಬಲ ಒಡಲು ಹೆಂಗಸರದ್ದು. ಮುಂದಿನ ಕೋಣೆ ನಿನಗೆ ಒಬ್ಬಳಿಗೇ, ಏಕೆಂದರೆ ಅದಕ್ಕೆ ದೊಡ್ಡ ಕಿಟಕಿಯಿದೆ, ನಿನ್ನ ಗೊರಕೆಯೂ ದೊಡ್ಡದು. ಹಿಂದಿನ ಕೋಣೆಯಲ್ಲಿ ನಾನು, ಲೆಸಿಯೆಲಿ. ಎಡ ಒಡಲು ಅಣ್ಣ ಅತ್ತಿಗೆಯದು. ಒಂದೊಂದು ಒಡಲಿಗೂ ಅದರದೇ ಮೆಟ್ಟಿಲು, ಅದರದೇ ಬಚ್ಚಲು. ಬಟ್ಟೆ ಒಣಹಾಕಲು ಬಲಕ್ಕೊಂದು ಹಗ್ಗ, ಎಡಕ್ಕೊಂದು ಹಗ್ಗ, ನಡುವೆ ಹಾಯಿಯ ಮರೆ. ನಿನ್ನ ಲಂಗ ತಮ್ಮನ ಕಣ್ಣಿಗೆ ಬೀಳುವುದಿಲ್ಲ. ನಾವು ಬೆಳಗ್ಗೆ ಬಲಗಡೆಯಿಂದ ನೀರಿಗಿಳಿಯುತ್ತೇವೆ, ಅವನು ಸಂಜೆ ಎಡಗಡೆಯಿಂದ. ನಾನು ಇದನ್ನೆಲ್ಲ ಕಾಗದದ ಮೇಲೆ ಬರೆದು ಪಾದ್ರಿಯ ಹೆಂಡತಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಅರ್ಧ ಗಂಟೆ ನೋಡಿ, ‘ಎಲ್ಲ ಸರಿ ಕಣೆ, ಆದ್ರೆ ಅಡುಗೆಮನೆ ನಡುವೆ ಬಂತಲ್ಲ?’ ಎಂದು ಒಂದೇ ಒಂದು ತಪ್ಪು ಹಿಡಿದಳು. ಅದಕ್ಕೂ ದಾರಿ ಹುಡುಕಿದ್ದೇನೆ. ಅಡುಗೆಮನೆಯಿಂದ ಹಿಂದಿನ ಜಗಲಿಗೆ ಕಿಟಕಿಯಿದೆ. ಅಣ್ಣನ ತಟ್ಟೆ ಕಿಟಕಿಯಿಂದ ಹೋಗುತ್ತದೆ. ಒಂದೇ ದೋಣಿ, ಎರಡು ಮನೆ. ಇನ್ನೇನು ಬೇಕು ನಿನಗೆ?

ಇನ್ನು ಕ್ಯಾಪ್ಟನ್ ಯಾರು? ನಾನು. ಡರೆಲ್‌ನ ಫಾರಮ್ಮಿನಲ್ಲಿ ಮೊದಲ ಸಾಲು ಕ್ಯಾಪ್ಟನ್ನಿನದು, ಅಲ್ಲಿ ನನ್ನ ಹೆಸರು ಬರೆದಾಯಿತು. ನಲವತ್ತು ವರ್ಷ ಸಮುದ್ರದಲ್ಲಿ ಮೀನು ಹಿಡಿದ ಅಣ್ಣನ ಹೆಸರು ಎರಡನೇ ಸಾಲಿನಲ್ಲಿ. ಹೇಳಲು ಹೋದಾಗ ಅವನು ದಡದಲ್ಲಿ ಎಂಜಿನ್ ಬಿಚ್ಚಿ ಹರಡಿಕೊಂಡು ಕೂತಿದ್ದ. ಕೇಳಿ, ‘ಹಂಗಾರೆ ನಾನೇನ್ ಮಾಡ್ಲಿ ಅಲ್ಲಿ?’ ಅಂದ. ‘ನಾನು ಬಿಡು ಅಂದಾಗ ಲಂಗರು ಬಿಡು, ಎತ್ತು ಅಂದಾಗ ಎತ್ತು’ ಅಂದೆ. ‘ಸರಿ ಕ್ಯಾಪ್ಟನ್ನಮ್ಮ’ ಎಂದು ನಕ್ಕ. ಅವನು ನಕ್ಕದ್ದನ್ನು ನಾನು ನೋಡಿ ಬಹಳ ದಿನವಾಗಿತ್ತು. ಆಮೇಲೆ ಕೈಯಲ್ಲಿದ್ದ ಸ್ಪ್ಯಾನರ್ ಒರೆಸುತ್ತ, ನನ್ನ ಮುಖ ನೋಡದೆ, ‘ಅವಳು ಬರ್ತಾಳಾ?’ ಎಂದು ಕೇಳಿದ. ನಾನು, ‘ಬರ್ತೀನಿ ಅಂದಿದಾಳೆ’ ಅಂದೆ. ಅದು ಸುಳ್ಳು ಎಂದು ನಿನಗೂ ಗೊತ್ತು. ಆದರೆ ಸೆಪ್ಟೆಂಬರ್ ಮೂರರೊಳಗೆ ನಿಜವಾಗುವ ಸುಳ್ಳು ಅಷ್ಟೊಂದು ದೊಡ್ಡ ಪಾಪವಲ್ಲ ಎಂದು ನನ್ನ ಲೆಕ್ಕ. ನಾನು ಅಲ್ಲಿಂದ ಏಳುವವರೆಗೂ ಅವನು ಅದೇ ಸ್ಪ್ಯಾನರನ್ನು ಒರೆಸುತ್ತಿದ್ದ.

ದಾರಿ ಹೇಳುತ್ತೇನೆ. ಮೊದಲ ದಿನ ಕಾಪಾ ದ್ವೀಪದ ಪಕ್ಕದ ಕೊಲ್ಲಿ. ಪ್ರವಾಸಿಗರ ನಕ್ಷೆಯಲ್ಲಿ ನಮ್ಮ ಕೊಲ್ಲಿಗಳಿಗೆಲ್ಲ ನಂಬರು. ‘ಏಳರಲ್ಲಿ ಮಲಗಿದೆವು, ಹದಿನಾರರಲ್ಲಿ ಊಟ ಮಾಡಿದೆವು’ ಅನ್ನುತ್ತಾರೆ, ಆಸ್ಪತ್ರೆಯ ವಾರ್ಡಿನ ಹಾಗೆ. ನಾವು ಹೆಸರು ಹೇಳಿಕೊಂಡೇ ಹೋಗೋಣ. ಎರಡನೇ ದಿನ ಗಾಳಿ ಚೆನ್ನಾಗಿದ್ದರೆ ನುವಾಪಾಪು. ಅಲ್ಲಿ ಸೆಪ್ಟೆಂಬರಿನಲ್ಲಿ ತಿಮಿಂಗಿಲಗಳು ಮರಿಗಳ ಜೊತೆ ಬಂದಿರುತ್ತವೆ. ಆಮೇಲಿನ ಎರಡು ದಿನ ಏನೂ ಮಾಡದೆ ಬಿದ್ದಿರುವುದು. ಇದು ನನ್ನ ಪಟ್ಟಿಯಲ್ಲಿ ಇದೆ, ನಗಬೇಡ. ಬಂದವರು ಅದನ್ನೇ ಮಾಡುವುದನ್ನು ಹದಿನೇಳು ವರ್ಷ ನೋಡಿದ್ದೇನೆ, ಅದರಲ್ಲಿ ಅಂಥದ್ದೇನಿದೆ ಎಂದು ನನಗೂ ತಿಳಿಯಬೇಕು. ಊಟಕ್ಕೆ ಕೆಸುವಿನ ಎಲೆಯಲ್ಲಿ ತೆಂಗಿನ ಹಾಲು, ಡಬ್ಬಿ ಮಾಂಸ ಸುತ್ತಿ ದೋಣಿಯ ಒಲೆಯಲ್ಲೇ ಬೇಯಿಸುತ್ತೇನೆ. ಕೆಂಡದ ಗುಂಡಿಯ ಘಮ ಬರುವುದಿಲ್ಲ, ನಿಜ. ಅತ್ತಿಗೆ ಈಗಲೇ ದೀವಿಹಲಸು ಯಾವ ಮರದ್ದು ಎಂದು ಗುರುತು ಹಾಕಿಟ್ಟಿದ್ದಾಳೆ.

ಶನಿವಾರ ಮಧ್ಯಾಹ್ನದೊಳಗೆ ಒವಾಕಾ ಸೇರಬೇಕು. ಭಾನುವಾರ ಹಾಯಿ ಬಿಚ್ಚುವ ಹಾಗಿಲ್ಲ, ಎಂಜಿನ್ ಹಚ್ಚುವ ಹಾಗಿಲ್ಲ, ನೀರಿಗಿಳಿಯುವ ಹಾಗಿಲ್ಲ. ಪ್ರವಾಸಿಗರು ಇದಕ್ಕೆ ಗೊಣಗುತ್ತಾರೆ. ನಮಗೆ ಆ ಭಾನುವಾರವೇ ಬೇಕಾಗಿರುವುದು. ಅಮ್ಮನ ಹುಟ್ಟೂರಿನ ಚರ್ಚಿನಲ್ಲಿ ಹಾಡಿ, ಊಟ ಮಾಡಿ, ಸಂಜೆ ಅಮ್ಮನ ಮಣ್ಣಿನ ಹತ್ತಿರ ಕೂರೋಣ. ಆರು ವರ್ಷದಿಂದ ಅದರ ಮೇಲೆ ಬಿಳಿ ಮರಳನ್ನು ನಾನು ಹಾಕುತ್ತಿದ್ದೇನೆ, ಸುತ್ತ ಕಪ್ಪು ಕಲ್ಲನ್ನು ಅಣ್ಣ ಜೋಡಿಸುತ್ತಾನೆ. ಹಿರಿಯ ಮಗಳ ಕೈಯ ಮರಳು ಇನ್ನೂ ಬಿದ್ದಿಲ್ಲ. ಒವಾಕಾದ ಮುಂದಿನ ಹವಳದ ಸಂದಿಯಲ್ಲಿ ಮಾತ್ರ ಚುಕ್ಕಾಣಿಯನ್ನು ಅಣ್ಣನ ಕೈಗೆ ಕೊಟ್ಟು, ನೀರು ನೋಡಲು ಮುಂತುದಿಯಲ್ಲಿ ನಾನೇ ನಿಲ್ಲುತ್ತೇನೆ. ಅದೂ ತೀರ್ಮಾನವಾಗಿದೆ.

ಈಗ ಲೆಸಿಯೆಲಿಯ ಮಾತು. ಅಕ್ಟೋಬರಿನಲ್ಲಿ ಅವಳ ಮದುವೆ. ಹುಡುಗ ಪಂಗಾಯಿಯ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು, ನಾಚಿಕೆ ಸ್ವಭಾವ, ಚೆನ್ನಾಗಿ ತಿನ್ನುತ್ತಾನೆ. ಮದುವೆಯ ದಿನ ಎಲ್ಲರಿಗಿಂತ ಮೇಲೆ, ಬಂದ ಚಾಪೆಗಳೆಲ್ಲ ಯಾರ ಮುಂದೆ ಹಾಸಲ್ಪಡುತ್ತವೋ ಆ ಜಾಗದಲ್ಲಿ ಕೂರಬೇಕಾದವಳು ನೀನು, ಅವಳ ಹಿರಿಯ ಸೋದರತ್ತೆ. ನೀನು ಬರದಿದ್ದರೆ ಆ ಜಾಗ ನನಗೆ ಬರುತ್ತದೆ ಎಂದು ಯಾರೋ ಮಾತೆತ್ತಿದರು. ಲೆಸಿಯೆಲಿ ಅದನ್ನು ಕೇಳಿ, ‘ಕಲೊ ಅತ್ತೆ ಮೇಲೆ ನನಗೇನೂ ಇಲ್ಲ. ಆದ್ರೆ ಫುಸಿ ಅತ್ತೆ ಬದುಕಿರೋವಾಗ ಅವರ ಜಾಗದಲ್ಲಿ ಇನ್ನೊಬ್ಬರನ್ನ ಕೂರಿಸ್ಕೊಂಡು ನಾನು ಮದುವೆ ಆಗಲ್ಲ. ಬೇಕಾದ್ರೆ ಮುಂದಕ್ಕೆ ಹಾಕಿ’ ಎಂದು ಎದ್ದುಹೋದಳು. ಒಂದು ಸಲ ಮುಂದಕ್ಕೆ ಹಾಕಿಯೂ ಆಗಿದೆ, ನಿನಗೆ ಯಾರೂ ಹೇಳಿಲ್ಲ. ಹೋದ ವರ್ಷವೇ ಆಗಬೇಕಿತ್ತು. ಹುಡುಗನ ತಾಯಿ ಈಗ ಕೇಳಲು ಶುರುಮಾಡಿದ್ದಾರೆ. ಅಪ್ಪನ ಮುಖ ನೋಡಿ ಈ ಹುಡುಗಿ ಒಂದು ಮಾತೂ ಆಡುವುದಿಲ್ಲ, ಅಪ್ಪನೂ ಆಡುವುದಿಲ್ಲ. ಆ ಮನೆಯಲ್ಲಿ ಊಟದ ಹೊತ್ತಿಗೆ ಚಮಚದ ಸದ್ದು ಬಿಟ್ಟರೆ ಏನೂ ಕೇಳಿಸುವುದಿಲ್ಲ.

ಹಾಗಾಗಿ ಆ ದಿನದ ಮಾತಿಗೆ ನಾನು ಬರಲೇಬೇಕು. ನೀನು ಕಾಗದ ಮಡಚಿಡಬೇಡ.

ಅಮ್ಮನನ್ನು ಒವಾಕಾಕ್ಕೆ ಮಣ್ಣಿಗೆ ಒಯ್ದ ದಿನ. ಅಣ್ಣನ ಎಂಜಿನ್ ದೋಣಿಯ ನಡುವೆ ಅಮ್ಮನ ಪೆಟ್ಟಿಗೆ, ಅದರ ಮೇಲೆ ಅವಳೇ ನೇಯ್ದ ಚಾಪೆ. ಸುತ್ತ ಚರ್ಚಿನ ಹೆಂಗಸರು, ಪೆಟ್ಟಿಗೆಯ ಪಕ್ಕದಲ್ಲಿ ನೀನು, ಮುಂತುದಿಯಲ್ಲಿ ನಾನು, ಹಿಂದೆ ಎಂಜಿನ್ ಹಿಡಿದು ಅಣ್ಣ. ಎಲ್ಲರ ಸೊಂಟಕ್ಕೂ ದುಃಖದ ದೊಡ್ಡ ಹರಕು ಚಾಪೆಗಳು. ಹವಳದ ಸಂದಿ ಹತ್ತಿರ ಬಂದಾಗ ಅಲೆಯೊಂದು ಹಾರಿ ಪೆಟ್ಟಿಗೆಯ ಮೇಲಿನ ಚಾಪೆ ನೆನೆಯಿತು. ನೀನು ಎದ್ದು ನಿಂತೆ. ಅದೇ ಗಳಿಗೆಯಲ್ಲಿ ಎಡಕ್ಕೆ ದಿಬ್ಬ. ಅಣ್ಣ, ‘ಕಣ್ಣೆಲ್ಲಿ ಇಟ್ಕೊಂಡಿದೀಯೆ, ಹಂದಿ!’ ಎಂದು ಕಿರುಚಿದ. ದೋಣಿಯನ್ನು ತಿರುಗಿಸಿಕೊಂಡ, ಅಡಿ ಉಜ್ಜಿತು, ದಾಟಿದೆವು. ಆದರೆ ದೋಣಿಯಲ್ಲಿದ್ದ ಎಲ್ಲರೂ ನಿನ್ನನ್ನೇ ನೋಡುತ್ತಿದ್ದರು. ತಮ್ಮನ ಬಾಯಿಂದ, ಹಿರಿಯಕ್ಕನಿಗೆ, ಅಮ್ಮನ ಪೆಟ್ಟಿಗೆಯೆದುರು ಅಂಥ ಮಾತು. ನೀನು ನಿಧಾನವಾಗಿ ಕೂತೆ. ಆಮೇಲೆ ಮಣ್ಣು ಮುಗಿಯುವವರೆಗೂ ಒಂದು ತೊಟ್ಟು ಕಣ್ಣೀರು ಹಾಕಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು ಎಂದು ನನಗೆ ಆಗಲೂ ಅನ್ನಿಸಿತು.

ಮಾರನೆಯ ದಿನ ಅವನು ಬಂದದ್ದು ನಿನಗೆ ಗೊತ್ತು, ಆದರೆ ನೀನು ನೋಡಿಲ್ಲ. ನೋಡಿದ್ದು ನಾನು. ಕೊರಳಿಗೆ ಕ್ಷಮೆಯ ಇಫಿ ಎಲೆಗಳ ಹಾರ ಹಾಕಿಕೊಂಡು, ಅಮ್ಮನ ಮನೆಯ ಅಂಗಳದಲ್ಲಿ ತಲೆ ತಗ್ಗಿಸಿ ಬಿಸಿಲಲ್ಲಿ ಕೂತಿದ್ದ. ಬೆಳಗ್ಗೆ ಕೂತವನು ಮಧ್ಯಾಹ್ನ ದಾಟಿದರೂ ಏಳಲಿಲ್ಲ. ನೀನು ಒಳಗೆ ಪೆಟ್ಟಿಗೆ ಕಟ್ಟುತ್ತಿದ್ದೆ. ಬಾಗಿಲು ತೆಗೆಯಲಿಲ್ಲ. ಹಾರದ ಎಲೆ ಬಾಡಿ ಮುದುಡಿತು. ನೀನು ಅದರ ಮಾರನೆಯ ದಿನ ವಿಮಾನ ಹತ್ತಿದೆ. ನಾನು ನಿನ್ನನ್ನು ದೂರುತ್ತಿಲ್ಲ ಅಕ್ಕ. ನಿನ್ನ ಜಾಗದಲ್ಲಿ ನಾನಿದ್ದರೆ ಒಳಗಿನಿಂದ ಇನ್ನೊಂದು ಚಿಲಕವನ್ನೂ ಹಾಕುತ್ತಿದ್ದೆನೇನೋ.

ಅದಕ್ಕೇ ಹೇಳುವುದು, ಈ ದೋಣಿಯಲ್ಲಿ ಯಾರೂ ಕೂಗುವುದಿಲ್ಲ. ಇದು ನನ್ನ ಮಾತು. ನಾನು ಪಾಠ ಹೇಳುವಾಗ ಎಲ್ಲಕ್ಕಿಂತ ಮೊದಲು ಕಲಿಸುವುದು ಕೈಸನ್ನೆ. ಗಂಡ ಚುಕ್ಕಾಣಿ ಹಿಡಿದಿರುತ್ತಾನೆ, ಹೆಂಡತಿ ಮುಂದೆ ಲಂಗರಿನ ಹತ್ತಿರ. ಗಾಳಿಗೆ ಒಂದೂ ಕೇಳಿಸುವುದಿಲ್ಲ, ಆಗ ಕೂಗಾಟ ಶುರು. ಮೂರು ಕೂಗಿಗೆ ಮೂವತ್ತು ವರ್ಷದ ಸಂಸಾರ ಹುಳಿಯಾಗುವುದನ್ನು ಕಟ್ಟೆಯ ಮೇಲೆ ನಿಂತು ಎಷ್ಟು ಸಲ ನೋಡಿಲ್ಲ! ನನ್ನ ಸನ್ನೆಗಳು ಸುಲಭ. ಕೈ ಚಾಚಿದ ಕಡೆಗೆ ತಿರುಗಿಸು. ಮುಷ್ಟಿ ಎತ್ತಿದರೆ ಎಂಜಿನ್ ತಡೆ. ಎರಡೂ ಅಂಗೈ ಕೆಳಗೆ ಮಾಡಿದರೆ ನಿಲ್ಲು. ಅಂಗೈ ಎದೆಯ ಮೇಲಿಟ್ಟರೆ ಎಲ್ಲ ಸರಿಯಾಗಿದೆ, ಲಂಗರು ಹಿಡಿದಿದೆ ಎಂದು. ಈ ಕೊನೆಯದನ್ನು ಯಾವ ನಾವಿಕರೂ ಮಾಡುವುದಿಲ್ಲ, ಅದು ನಾನೇ ಸೇರಿಸಿದ್ದು. ಬ್ರಿಸ್ಬೇನಿನ ಒಂದು ಮುದಿ ಜೋಡಿ ಪ್ರತಿ ಕ್ರಿಸ್‌ಮಸ್ಸಿಗೆ ನನಗೆ ಕಾರ್ಡ್ ಹಾಕುತ್ತದೆ. ಈಗ ಮನೆಯಲ್ಲೂ ಅದೇ ಸನ್ನೆಯಂತೆ, ಅವರ ಮನೆಯಲ್ಲಿ ಜಗಳವೇ ಇಲ್ಲವಂತೆ. ಡರೆಲ್ ಅದನ್ನು ‘ಕಲೊ ಪಾಠ’ ಎಂದು ಫಲಕದ ಮೇಲೆ ಬರೆಸಿದ್ದಾನೆ. ಇದೆಲ್ಲ ಎಲ್ಲಿ ಕಲಿತೆ ಎಂದು ಅವನು ಕೇಳಿದರೆ ಬಕೆಟ್ ಎತ್ತಿಕೊಂಡು ಹೊರಟುಬಿಡುತ್ತೇನೆ.

ಅಕ್ಕತಮ್ಮಂದಿರಿಗೂ ಆ ಸನ್ನೆ ಹೇಳಿ ಮಾಡಿಸಿದ ಹಾಗಿದೆ, ಯೋಚಿಸಿ ನೋಡು. ಅವನು ನಿನ್ನ ಜೊತೆ ಮಾತಾಡಬೇಕಾಗಿಲ್ಲ. ನೀನು ಅವನ ಮುಖ ನೋಡಬೇಕಾಗಿಲ್ಲ. ಕ್ಷಮಿಸಿದೆ ಎಂದು ಬಾಯಿಬಿಟ್ಟು ಹೇಳು ಎಂದು ನಿನ್ನನ್ನು ಯಾರೂ ಒತ್ತಾಯಿಸುವುದಿಲ್ಲ. ಒವಾಕಾದಲ್ಲಿ ಲಂಗರು ಬಿದ್ದ ಮೇಲೆ, ಮನಸ್ಸು ಬಂದರೆ, ಒಂದು ಸಲ ಎದೆಯ ಮೇಲೆ ಕೈ ಇಡು. ಅವನು ಹಿಂದಿನಿಂದ ನೋಡಿಕೊಳ್ಳುತ್ತಾನೆ. ಅಷ್ಟು ಸಾಕು.

ತರಬೇಕಾದ್ದು: ಒಂದೇ ಚೀಲ, ಅದೂ ಮೆತ್ತನೆಯದು, ಗಾಲಿಯ ಪೆಟ್ಟಿಗೆ ದೋಣಿಯೊಳಗೆ ಹಿಡಿಯುವುದಿಲ್ಲ. ಚರ್ಚಿಗೆ ಉಡಲು ಬಿಳಿಯದು. ಸೊಂಟಕ್ಕೆ ಕಟ್ಟಲು ಈಗ ಕಳಿಸಿರುವ ಚಾಪೆ. ನಿನ್ನ ಆಸ್ಪತ್ರೆಯ ಅಡುಗೆಮನೆಗೆ ಇವತ್ತೇ ರಜೆಯ ಅರ್ಜಿ ಹಾಕು, ನೀನಿಲ್ಲದೆ ಅವರ ಗಂಜಿ ಒಂದೆರಡು ತಿಂಗಳು ತಳ ಹತ್ತಿದರೆ ಯಾರೂ ಸಾಯುವುದಿಲ್ಲ. ಹಿಂದಿರುಗುವ ಟಿಕೇಟನ್ನು ಮದುವೆ ಮುಗಿದ ಮೇಲಿನದ್ದೇ ತೆಗೆಸು. ಭೂಮಿಯ ಮೇಲೆ ನೀನು ಹಿರಿಯಳು, ನೀನು ಹೇಳಿದ್ದೇ ಮಾತು. ನೀರಿನ ಮೇಲೆ ಮಾತ್ರ ಕ್ಯಾಪ್ಟನ್ನಿನ ಅಪ್ಪಣೆ ನಡೆಯುತ್ತದೆ. ಫಾರಮ್ಮಿನ ಮೂರನೇ ಸಾಲಿನಲ್ಲಿ ನಿನ್ನ ಹೆಸರನ್ನು ಶಾಯಿಯಲ್ಲೇ ಬರೆದಿದ್ದೇನೆ.

ನಿನ್ನ ದಾರಿ ಕಾಯುವ,
ತಂಗಿ
ಕಲೊಲೈನೆ

ಮರೆತ ಮಾತು: ಮರೆತದ್ದಲ್ಲ. ಮೇಲೆ ಬರೆಯಲು ಧೈರ್ಯ ಬರದೆ ಇಲ್ಲಿವರೆಗೆ ತಳ್ಳಿಕೊಂಡು ಬಂದೆ. ಇದನ್ನು ಬರೆಯುವ ಮುಂಚೆ ಹೊರಗೆ ಹೋಗಿ ಎರಡು ಸಲ ಅಂಗಳ ಗುಡಿಸಿದೆ.

ಅಕ್ಕ, ಅಣ್ಣ ಆಡಿದ ಮಾತನ್ನು ಇನ್ನೊಂದು ಸಲ ಓದು. ‘ಕಣ್ಣೆಲ್ಲಿ ಇಟ್ಕೊಂಡಿದೀಯೆ.’ ದೋಣಿಯ ನಡುವೆ ಕೂತವರಿಗೆ ಆ ಮಾತು ಯಾಕೆ ಬರಬೇಕು? ನೀರು ನೋಡುವ ಕೆಲಸ ನಿನ್ನದಲ್ಲ. ಅದು ಮುಂತುದಿಯಲ್ಲಿ ನಿಂತವಳದು. ಅಲೆ ಹಾರಿ ಚಾಪೆ ನೆನೆದಾಗ, ಅದರ ಅಂಚನ್ನು ಒಳಗೆ ಸೇರಿಸಲು ನಾನೂ ಹಿಂದೆ ತಿರುಗಿದೆ. ದಿಬ್ಬ ಬರುತ್ತಿದ್ದರೂ ಬೆನ್ನು ಹಾಕಿ ನಿಂತಿದ್ದೆ. ಹಂದಿ ಅಂದದ್ದು ನನಗೆ. ನೀನು ನಡುವೆ ಎದ್ದು ನಿಂತಿದ್ದೆ, ಅದಕ್ಕೆ ಎಲ್ಲರೂ ನಿನ್ನನ್ನು ನೋಡಿದರು. ನನ್ನತ್ತ ಯಾರೂ ನೋಡಲಿಲ್ಲ. ನನಗೆ ಆಗ ಹಗುರವಾಯಿತು. ದೇವರಾಣೆ, ಹಗುರವಾಯಿತು.

ಆ ಸಂಜೆ ಅಣ್ಣನ ಹತ್ತಿರ ಹೋಗಿ, ಅಕ್ಕನಿಗೆ ನಿಜ ಹೇಳಿಬಿಡ್ತೀನಿ ಅಂದೆ. ಅವನು, ‘ಬೇಡ ಬಿಡು. ಅಮ್ಮನ ಮಣ್ಣಿನ ದಿನ ನಿನ್ನ ಹೆಸರೂ ಯಾಕೆ ಕೆಡಬೇಕು. ಅವಳ ಕಿವಿಗೆ ಬಿತ್ತಲ್ಲ, ಯಾರಿಗಂದೆ ಅನ್ನೋದರಿಂದ ಏನಾಗ್ಬೇಕು, ತಪ್ಪು ನನ್ನದೇ’ ಅಂದ. ಮಾರನೆಯ ದಿನ ಅವನು ಎಲೆಯ ಹಾರ ಹಾಕಿಕೊಂಡು ಆ ಅಂಗಳದಲ್ಲಿ ಕೂತ. ನಾನು ಬಾವಿಕಟ್ಟೆಯ ಹಿಂದೆ ನಿಂತು ನೋಡುತ್ತಿದ್ದೆ. ಆ ಹಾರ ನನ್ನ ಕೊರಳಲ್ಲಿ ಇರಬೇಕಾದ್ದು.

ಲಕೋಟೆಯ ತಳದಲ್ಲಿ ಒಣಗಿದ ಎಲೆಗಳಿವೆ ನೋಡು, ಮುರಿಯದ ಹಾಗೆ ತೆಗೆ. ಇಫಿ ಎಲೆ. ಹೋದ ವಾರ ನಾನೇ ಕಿತ್ತು ಒಣಗಿಸಿದ್ದು. ಆಕ್ಲೆಂಡಿನ ನಿನ್ನ ಅಂಗಳ ನನಗೆ ದೂರ, ಅದಕ್ಕೆ ಅವುಗಳನ್ನು ಕಳಿಸಿದ್ದೇನೆ.

ಇದನ್ನು ಓದಿದ ಮೇಲೆ ನೀನು ಮಾತು ಬಿಡಬೇಕಾದ್ದು ನನ್ನ ಜೊತೆ. ಬಿಡು, ಎಷ್ಟು ವರ್ಷ ಬೇಕಾದರೂ ಬಿಡು. ಆದರೆ ದೋಣಿಗೆ ಬಾ ಅಕ್ಕ. ಆ ದೋಣಿಯಲ್ಲಿ ಮಾತಿಲ್ಲದೆಯೂ ನಡೆಯುತ್ತದೆ.